ಕಾಲಕ್ಕಿಂತ ಮುಂದೆ ಓಡಿದ ಲ್ಯಾಂಚೆಸ್ಟರ್
ಹಳೆಯ ಕಾರುಗಳನ್ನು ಜತನದಿಂದ ಕಾಪಾಡಿಕೊಂಡು ಬಂದವರಲ್ಲಿ ಅನೇಕರು ಅವುಗಳಿಗೆ ಮಾಡಿಸುವ ಮುಖ್ಯ ಬದಲಾವಣೆ ಬ್ರೇಕಿನದು. ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ಕಳಚಿ ಆ ಜಾಗದಲ್ಲಿ ಡಿಸ್ಕ್ ಬ್ರೇಕ್ ಕೂರಿಸಲಾಗುತ್ತದೆ. ಹಳೆಯ ಕಾರಿಗೆ ಹೊಸ ಕಾಲದ ಬ್ರೇಕ್ ಬಂತೆಂದು ನೋಡುವವರು ಭಾವಿಸುವುದು ಸಹಜ. ಆದರೆ ಆ ಕಲ್ಪನೆ ಇಂತಹ ಬಹುತೇಕ ಕಾರುಗಳಿಗಿಂತಲೂ ಹಳೆಯದು. 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್.

1868ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ ಜನಿಸಿದ ಲ್ಯಾಂಚೆಸ್ಟರ್ ಅವರ ತಂದೆ ವಾಸ್ತುಶಿಲ್ಪಿ. ಜೋಧಪುರದ ಉಮೈದ್ ಭವನ ಅರಮನೆಯನ್ನು ರೂಪಿಸಿದ ಹೆನ್ರಿ ವಾನ್ ಲ್ಯಾಂಚೆಸ್ಟರ್ ಇವರ ಅಣ್ಣ. ತಮ್ಮನ ಒಲವು ಮಾತ್ರ ಯಂತ್ರಗಳತ್ತ. ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ವಿಜ್ಞಾನ ಕಾಲೇಜು ಸೇರಿದರೂ ಪದವಿ ಪಡೆಯದೆ ಹೊರಬಂದರು. ಬಳಿಕ ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಎಂಜಿನ್‌ಗಳಿಗೆ ಹಲವು ಸುಧಾರಣೆಗಳನ್ನು ತಂದರು.

1896ರಲ್ಲಿ ಅವರ ಮೊದಲ ಪೆಟ್ರೋಲ್ ಕಾರು ರಸ್ತೆಗಿಳಿಯಿತು. ಕುದುರೆ ಗಾಡಿಗೆ ಎಂಜಿನ್ ಜೋಡಿಸಿ ಕಾರು ಎನ್ನುತ್ತಿದ್ದ ಆ ದಿನಗಳಲ್ಲಿ ಲ್ಯಾಂಚೆಸ್ಟರ್ ಇಡೀ ವಾಹನವನ್ನು ಕಾರೆಂದೇ ಹೊಸದಾಗಿ ರೂಪಿಸಿದರು. 1899ರಲ್ಲಿ ಸ್ವಂತ ಕಂಪನಿ ಹುಟ್ಟಿತು; ಸೋದರರಾದ ಜಾರ್ಜ್ ಮತ್ತು ಫ್ರಾಂಕ್ ಜೊತೆಗೂಡಿದರು. ಒಂದು ಕಾರಿನ ಬಿಡಿಭಾಗ ಮತ್ತೊಂದಕ್ಕೂ ಸರಿಯಾಗಿ ಹೊಂದಬೇಕೆಂಬುದು ಅವರ ಪಟ್ಟು. ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಕೂರಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತೇ ಆಗಿತ್ತು.

ಬ್ರೇಕಿನ ಕಲ್ಪನೆಯೂ ಇಂತಹ ಯೋಚನೆಯ ಫಲ. ಚಕ್ರಕ್ಕೆ ಲೋಹದ ತೆಳು ತಟ್ಟೆಯೊಂದನ್ನು ಭದ್ರವಾಗಿ ಜೋಡಿಸುವುದು, ನಿಲ್ಲಿಸಬೇಕಾದಾಗ ಅದರ ಅಂಚನ್ನು ಎರಡೂ ಕಡೆಯಿಂದ ಇಕ್ಕುಳದಂತೆ ಹಿಡಿಯುವುದು. ಪೇಟೆಂಟಿನ ಸಾರ ಇಷ್ಟೇ. ಇಂದಿನ ಡಿಸ್ಕ್ ಬ್ರೇಕಿನ ತತ್ತ್ವವೂ ಇದೇ. ಆದರೆ ಹಿಡಿಯುವ ಭಾಗಕ್ಕೆ ಅಂದು ಒದಗಿದ್ದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಕರ್ಕಶವಾದ ಕೀರಲು ಸದ್ದು ಹೊರಡುತ್ತಿತ್ತು. ಅಂದಿನ ದೂಳುತುಂಬಿದ ರಸ್ತೆಗಳಲ್ಲಿ ತಾಮ್ರ ಬೇಗನೆ ಸವೆಯುತ್ತಿತ್ತು. ಕಲ್ಪನೆ ಸರಿಯಿತ್ತು, ಅದನ್ನು ತಾಳಿಕೊಳ್ಳುವ ವಸ್ತು ಇನ್ನೂ ಹುಟ್ಟಿರಲಿಲ್ಲ. ಜಗತ್ತು ಡ್ರಮ್ ಬ್ರೇಕನ್ನೇ ನೆಚ್ಚಿಕೊಂಡಿತು.

ಬಂಡವಾಳದ ಕೊರತೆಯಿಂದ ಕಂಪನಿ 1904ರಲ್ಲಿ ಸಂಕಷ್ಟಕ್ಕೆ ಸಿಲುಕಿ, ಬಳಿಕ ಹೊಸ ಹೆಸರಿನಲ್ಲಿ ತಲೆಯೆತ್ತಿತು. ಆದರೆ ಲ್ಯಾಂಚೆಸ್ಟರ್ ಅವರ ಮನಸ್ಸು ಆ ವೇಳೆಗೆ ಆಕಾಶದಲ್ಲಿತ್ತು. ವಿಮಾನದ ರೆಕ್ಕೆಯನ್ನು ಗಾಳಿ ಎತ್ತಿಹಿಡಿಯುವ ಬಗೆಯನ್ನು ಕುರಿತು ಅವರು 1897ರಲ್ಲಿ ಬರೆದ ಪ್ರಬಂಧವನ್ನು ವಿದ್ವತ್ ಸಂಸ್ಥೆಗಳು ತಿರಸ್ಕರಿಸಿದ್ದವು. ಅದೇ ವಿಚಾರಗಳು 1907 ಮತ್ತು 1908ರಲ್ಲಿ ಎರಡು ಗ್ರಂಥಗಳಾಗಿ ಬಂದವು. ಯುದ್ಧದಲ್ಲಿ ಸೇನೆಯ ಸಂಖ್ಯೆಗೂ ಬಲಕ್ಕೂ ಇರುವ ಸಂಬಂಧವನ್ನು ಅವರು ಗಣಿತದ ಸೂತ್ರಕ್ಕೆ ಇಳಿಸಿದರು. 1922ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು.

ಗೌರವ ಬಂದರೂ ಹಣ ಬರಲಿಲ್ಲ. 1931ರಲ್ಲಿ ಅವರ ಹೆಸರಿನ ಕಂಪನಿ ಪರರ ಪಾಲಾಯಿತು. ಕೊನೆಗಾಲದಲ್ಲಿ ಪಾರ್ಕಿನ್ಸನ್ ಕಾಯಿಲೆ ಬಾಧಿಸಿತು, ದೃಷ್ಟಿ ಮಂದವಾಯಿತು. ಅನೇಕ ಪೇಟೆಂಟ್‌ಗಳ ಒಡೆಯರು ಮೋಟಾರು ಉದ್ಯಮದವರ ನೆರವಿನಲ್ಲಿ ದಿನ ಕಳೆಯಬೇಕಾಯಿತು. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಿಧನರಾದರು.

ಏಳು ವರ್ಷಗಳ ನಂತರ, 1953ರಲ್ಲಿ, ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕ್ ಹೊಂದಿದ್ದ ಜಾಗ್ವಾರ್ ಕಾರು ಗೆದ್ದಿತು. 1955ರಲ್ಲಿ ಸಿಟ್ರೋಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಅದನ್ನು ಅಳವಡಿಸಿಕೊಂಡಿತು. ಪದೇಪದೇ ತುಳಿದಾಗ ಡ್ರಮ್ ಬಿಸಿಯೇರಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ನೀರು ಬಿದ್ದರೂ ತಿರುಗುವಾಗ ಸಿಡಿದುಹೋಗುತ್ತದೆ.

ಆದರೂ ಹಳೆಯ ಕಾರಿಗೆ ಅದನ್ನು ಕೂರಿಸುವುದು ಬರಿಯ ಬೋಲ್ಟ್ ಬಿಗಿಯುವ ಕೆಲಸವಲ್ಲ. ಡ್ರಮ್ಮಿನ ಒಳಗಿನ ಶೂಗಳನ್ನು ತಿರುಗುವ ಚಕ್ರವೇ ಇನ್ನಷ್ಟು ಒತ್ತಿ ಹಿಡಿಸುತ್ತದೆ. ಡಿಸ್ಕ್‌ಗೆ ಆ ಅನುಕೂಲವಿಲ್ಲ. ಆದ್ದರಿಂದ ಹೆಚ್ಚಿನ ಒತ್ತಡ ಬೇಕು, ಬಹುಮಟ್ಟಿಗೆ ಬೂಸ್ಟರ್ ಬೇಕು, ತಕ್ಕ ಅಳತೆಯ ಮಾಸ್ಟರ್ ಸಿಲಿಂಡರ್ ಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ಹಿಡಿತ ಸರಿದೂಗದಿದ್ದರೆ ಹಿಂದಿನ ಚಕ್ರಗಳು ಮೊದಲೇ ನಿಂತು ಕಾರು ಜಾರಿ ಸುತ್ತುವ ಅಪಾಯವಿದೆ.

ಒಂದು ಭಾಗವನ್ನು ಬದಲಿಸುವವನು ಇಡೀ ವಾಹನವನ್ನು ಮತ್ತೆ ಯೋಚಿಸಬೇಕು. ಲ್ಯಾಂಚೆಸ್ಟರ್ ಬದುಕಿನುದ್ದಕ್ಕೂ ಮಾಡಿದ ಕೆಲಸ ಅದೇ. ಅವರಿಗೆ ಹಣ ತಂದುಕೊಡದ ಆ ತೆಳು ತಟ್ಟೆ ಇಂದು ಲೋಕದ ಕೋಟ್ಯಂತರ ವಾಹನಗಳ ಚಕ್ರಗಳಲ್ಲಿ ತಿರುಗುತ್ತಿದೆ.