ನಮ್ಮ ಸೀಮೆಯ ತರಿಮೆಲ ನಾಗಿರೆಡ್ಡಿಯವರು

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗಗಳ ನಮ್ಮ ಓದುಗ ಬಂಧುಗಳು ಮನೆಯೊಳಗೆ ಕನ್ನಡವನ್ನೂ ಸಂತೆ ಕಚೇರಿಗಳಲ್ಲಿ ತೆಲುಗನ್ನೂ ಆಡಿಕೊಂಡು ತಲೆತಲಾಂತರದಿಂದ ಬಾಳಿ ಬಂದವರು. ಮಳೆ ಕೈಕೊಟ್ಟ ವರ್ಷ ಯಾವ ಭಾಷೆಯವನ ಹೊಲದಲ್ಲೂ ಕಡಲೆಕಾಯಿ ಬಳ್ಳಿ ಒಣಗಿಯೇ ಒಣಗುತ್ತದೆ. ಆದುದರಿಂದ ಈ ಸೀಮೆಯ ಕಷ್ಟವನ್ನು ದೊಡ್ಡ ಸಭೆಗಳಲ್ಲಿ ಎತ್ತಿ ಹೇಳಿದವರು ಯಾವ ಮನೆಮಾತಿನವರಾದರೂ ನಮ್ಮವರೇ ಎಂದು ನಾವು ಭಾವಿಸುತ್ತೇವೆ. ಅಂತಹವರಲ್ಲಿ ಒಬ್ಬರಾದ ತರಿಮೆಲ ನಾಗಿರೆಡ್ಡಿಯವರ ಬಾಳನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ನಿವೇದಿಸುತ್ತಿದ್ದೇವೆ. ಅವರು ಹಿಡಿದ ಕಡೆಯ ದಾರಿ ನಮ್ಮ ಓದುಗರಲ್ಲಿ ಬಹುಮಂದಿಗೆ ಒಪ್ಪಿಗೆಯಾಗಲಾರದು. ಹಾಗಿದ್ದರೂ ತಿಳಿಯಬೇಕಾದ ಬಾಳು ಅದು.

ನಾಗಿರೆಡ್ಡಿಯವರು 1917ನೆಯ ಇಸವಿ ಫೆಬ್ರವರಿ 11ರಂದು ಅನಂತಪುರ ಜಿಲ್ಲೆಯ ತರಿಮೆಲ ಗ್ರಾಮದಲ್ಲಿ ಹುಟ್ಟಿದರು. ಮನೆತನ ಸಿರಿವಂತರದು. ಬಹಳ ಜಮೀನು, ಆಳುಕಾಳು, ಊರಿನಲ್ಲಿ ಮಾತು ನಡೆಯುವ ಸ್ಥಾನ, ಎಲ್ಲವೂ ಇತ್ತು. ಓದಿಗೂ ಕೊರತೆಯಾಗಲಿಲ್ಲ. ಮದನಪಲ್ಲಿಯ ಬಳಿ ಜಿಡ್ಡು ಕೃಷ್ಣಮೂರ್ತಿಯವರ ಪ್ರೇರಣೆಯಿಂದ ನಡೆಯುತ್ತಿದ್ದ ರಿಷಿ ವ್ಯಾಲಿ ಶಾಲೆ, ಮದರಾಸಿನ ಲೊಯೋಲಾ ಕಾಲೇಜು, ಆಮೇಲೆ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಈ ಮೂರು ಕಡೆ ಅವರ ವಿದ್ಯಾಭ್ಯಾಸ ನಡೆಯಿತು. ಕಾಶಿಗೆ ಹೋದವರು ಅಲ್ಲಿಂದ ಸಮತಾವಾದದ ವಿಚಾರಗಳನ್ನು ಹೊತ್ತು ತಂದರು. ಉಳುವವನಿಗೆ ಭೂಮಿ ಇಲ್ಲದೆ, ಭೂಮಿ ಇದ್ದವನು ಉಳದೆ ನಡೆಯುವ ವ್ಯವಸ್ಥೆ ಸರಿಯಲ್ಲವೆಂಬ ನಂಬಿಕೆ ಅವರಲ್ಲಿ ಬಲವಾಗಿ ಬೇರೂರಿತು. ಊರಿಗೆ ಹಿಂದಿರುಗಿದ ಮೇಲೆ ಆ ನಂಬಿಕೆ ಬಾಯಿಮಾತಿನಲ್ಲೇ ಉಳಿಯಲಿಲ್ಲ. ತಮ್ಮ ಪಾಲಿಗೆ ಬಂದ ಜಮೀನನ್ನು ಅವರು ಬಡವರಿಗೆ ಬಿಟ್ಟುಕೊಟ್ಟರು. ಕೈಯಲ್ಲಿರುವುದು ಸಮಾಜದ್ದೆಂದು ತಿಳಿದು ಹಂಚುವುದನ್ನು ದಾಸೋಹವೆಂದು ಕರೆಯುವ ನಮಗೆ, ಬೇರೆಯ ದಾರಿಯಲ್ಲಿ ಬಂದವರೊಬ್ಬರು ಅದೇ ಕೆಲಸವನ್ನು ಮಾಡಿದ್ದು ಕಂಡಾಗ ತಲೆಬಾಗದೆ ಇರಲಾಗದು.

ಎರಡನೆಯ ಮಹಾಯುದ್ಧ ಆರಂಭವಾದಾಗ ಆ ಯುದ್ಧದ ಆರ್ಥಿಕ ಪರಿಣಾಮವನ್ನು ಕುರಿತು ಪುಸ್ತಿಕೆಯೊಂದನ್ನು ಬರೆದ ಕಾರಣಕ್ಕೆ ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜೈಲಿಗೆ ಹಾಕಿತು. ಎಲ್ಲೋ ದೂರ ದೇಶದಲ್ಲಿ ಹಾರುವ ಗುಂಡು ಅನಂತಪುರದ ಕೂಲಿಯವನ ತಟ್ಟೆಯ ಮುದ್ದೆಯನ್ನು ಹೇಗೆ ಕಿರಿದು ಮಾಡುತ್ತದೆ ಎಂಬ ವಿಚಾರ ಅಂದಿನಿಂದಲೇ ಅವರನ್ನು ಹಿಡಿದಿತ್ತು. ಕಡೆಯವರೆಗೂ ಅದು ಬಿಡಲಿಲ್ಲ.

ಸ್ವತಂತ್ರ ಭಾರತದ ಮೊದಲನೆಯ ಮಹಾ ಚುನಾವಣೆಯಲ್ಲಿ ಅನಂತಪುರದ ಕಡೆ ಇಡೀ ಮದರಾಸು ರಾಜ್ಯವೇ ತಿರುಗಿ ನೋಡಿತು. ಅಲ್ಲಿ ಕಾಂಗ್ರೆಸ್ಸಿನಿಂದ ನಿಂತವರು ಇಲ್ಲೂರಿನ ನೀಲಂ ಸಂಜೀವ ರೆಡ್ಡಿಯವರು. ಅವರು ಆಗಲೇ ಮದರಾಸು ಸರ್ಕಾರದಲ್ಲಿ ಮಂತ್ರಿಗಳಾಗಿದ್ದವರು. ಎದುರು ನಿಂತವರು ಕಮ್ಯುನಿಸ್ಟ್ ಪಕ್ಷದ ನಾಗಿರೆಡ್ಡಿಯವರು. ಇಬ್ಬರೂ ಬಾವ ಮೈದುನರು. ಗೆದ್ದವರು ನಾಗಿರೆಡ್ಡಿಯವರು. ಬಂಧುತ್ವ ಬೇರೆ, ತತ್ತ್ವ ಬೇರೆ ಎಂಬುದನ್ನು ನಮ್ಮ ಹಳ್ಳಿಗಳು ಅಂದು ಕಣ್ಣಾರೆ ಕಂಡವು. ಪಂಚಾಯತಿ ಚುನಾವಣೆಯೊಂದಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಡುವುದನ್ನು ಕಂಡಿರುವ ನಾವು ಈ ಸಂಗತಿಯನ್ನು ಮರೆಯಬಾರದು.

375 ಸ್ಥಾನಗಳ ಆ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ದೊರೆತದ್ದು 152, ಬಹುಮತವಿರಲಿಲ್ಲ. ಕಮ್ಯುನಿಸ್ಟರು 62 ಮಂದಿ ಆರಿಸಿ ಬಂದಿದ್ದರು. ರಾಜಾಜಿಯವರು ಮುಖ್ಯಮಂತ್ರಿಗಳಾದರು. ಅವರ ಎದುರಿಗೆ ವಿರೋಧ ಪಕ್ಷದ ನಾಯಕರಾಗಿ ಕುಳಿತವರು ಮೂವತ್ತೈದು ವರ್ಷದ ನಾಗಿರೆಡ್ಡಿಯವರು. ರಾಯಲಸೀಮೆಯಲ್ಲಿ ಆಗ ಕ್ಷಾಮ. ಊರೂರಿಗೆ ಗಂಜಿ ಕೇಂದ್ರಗಳು ತೆರೆದಿದ್ದ ಕಾಲ. ಮರುವರ್ಷ, 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಬೇರೆಯಾಯಿತು. ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು; ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ಆಂಧ್ರಕ್ಕೆ ಉಳಿದವು. ಹಿಂದೂಪುರ, ಕಲ್ಯಾಣದುರ್ಗಗಳು ಅನಂತಪುರ ಜಿಲ್ಲೆಯೊಂದಿಗೇ ಹೋದವು. ನಮ್ಮ ಜನ ಎದ್ದು ಹೋಗಲಿಲ್ಲ. ಗಡಿಯೇ ಬಂದು ಅವರ ಹೊಲದ ಬದುವಿನ ಮೇಲೆ ಕುಳಿತಿತು.

1957ರಲ್ಲಿ ನಾಗಿರೆಡ್ಡಿಯವರು ಅನಂತಪುರದಿಂದ ಲೋಕಸಭೆಗೆ ಆರಿಸಿ ಹೋದರು. ಆಗ ಅವರ ಬಾವನವರು ಹೈದರಾಬಾದಿನಲ್ಲಿ ಆಂಧ್ರ ಪ್ರದೇಶದ ಪ್ರಥಮ ಮುಖ್ಯಮಂತ್ರಿಗಳು. ದೆಹಲಿಯಲ್ಲಿ ನೆಹರೂರವರ ಕಡೆ 371 ಸದಸ್ಯರು. ಕಮ್ಯುನಿಸ್ಟರು ಕೇವಲ 27. ಇಷ್ಟು ಕಡಿಮೆ ಸಂಖ್ಯೆಯ ವಿರೋಧ ಪಕ್ಷ ಸಭೆಯಲ್ಲಿ ಏನು ಮಾಡಲು ಸಾಧ್ಯವೆಂದು ಓದುಗರು ಕೇಳಬಹುದು. ಅದನ್ನು ಸ್ವಲ್ಪ ವಿವರಿಸುವುದು ಅಗತ್ಯ.

ಸರ್ಕಾರ ಪ್ರತಿ ವರ್ಷ ಒಂದೊಂದು ಖಾತೆಗೂ ಇಷ್ಟಿಷ್ಟು ಹಣ ಬೇಕೆಂದು ಸಭೆಯ ಮುಂದೆ ಬೇಡಿಕೆ ಇಡುತ್ತದೆ. ಆರೋಗ್ಯ ಖಾತೆ, ಆಹಾರ ಖಾತೆ, ವಿದೇಶಾಂಗ ಖಾತೆ, ಎಲ್ಲಕ್ಕೂ ಇದೇ ನಿಯಮ. ಆ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಬೇಕೆಂದು ಒಬ್ಬ ಸದಸ್ಯ ಸೂಚನೆ ಕೊಡಬಹುದು. ಕೋಟಿಗಟ್ಟಲೆ ಹಣದಲ್ಲಿ ನೂರು ರೂಪಾಯಿ ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ. ಆದರೆ ಆ ನೂರು ರೂಪಾಯಿಯ ನೆಪದಲ್ಲಿ ಇಂಥ ಕಡೆ ಆಸ್ಪತ್ರೆಯಿಲ್ಲ, ಇಂಥ ಸೀಮೆಯಲ್ಲಿ ಕುಡಿಯುವ ನೀರಿಲ್ಲ ಎಂದು ಸಭೆಯಲ್ಲಿ ಹೇಳುವ ಹಕ್ಕು ಸಿಗುತ್ತದೆ, ಮಂತ್ರಿಗಳು ಉತ್ತರ ಕೊಡಬೇಕಾಗುತ್ತದೆ. ಪ್ರಶ್ನೋತ್ತರ ವೇಳೆಯೂ ಅಂತಹುದೇ ಸಾಧನ. ವೋಟಿನಲ್ಲಿ ಸೋಲುವುದು ಖಂಡಿತವೆಂದು ತಿಳಿದೂ ಕೇಳುವ ಪ್ರಶ್ನೆ ದಾಖಲೆಯಲ್ಲಿ ಉಳಿಯುತ್ತದೆ. ಇದೇ ವಿರೋಧ ಪಕ್ಷದವರ ಕಾಯಕ.

ಆ ಐದು ವರ್ಷಗಳಲ್ಲಿ ಲೋಕಸಭೆಯ ಮುಂದಿದ್ದ ವಿಷಯಗಳೂ ಸಣ್ಣವಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆಗೆ ವಿದೇಶೀ ವಿನಿಮಯದ ಅಭಾವ ಬಂದಿತ್ತು. 1958ರಿಂದ ಹಣವಂತ ದೇಶಗಳ ಕೂಟವೊಂದು ಭಾರತಕ್ಕೆ ಸಾಲ ಕೊಡತೊಡಗಿತು. ಅಮೆರಿಕದ ಪಿ.ಎಲ್. 480 ಎಂಬ ಕಾನೂನಿನ ಮೇಲೆ ಗೋಧಿ ಬರುತ್ತಿತ್ತು. 1960ರ ಮೇ ತಿಂಗಳಲ್ಲಿ ಆದ ಒಪ್ಪಂದವೊಂದರಲ್ಲೇ ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಟನ್ ಧಾನ್ಯ ತರುವ ಮಾತಾಗಿತ್ತು. ಅದಕ್ಕೆ ಕೊಡುವ ಹಣ ನಮ್ಮ ರೂಪಾಯಿಯಲ್ಲೇ ಇದ್ದರೂ ಆ ರೂಪಾಯಿಯ ರಾಶಿಯ ಬಹುಭಾಗದ ಮೇಲೆ ಅಮೆರಿಕದ ಹಿಡಿತವಿರುತ್ತಿತ್ತು. 1959ರಲ್ಲಿ ಕೇರಳದ ಕಮ್ಯುನಿಸ್ಟ್ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಅದೇ ವರ್ಷ ಚೀಣಾ ಗಡಿಯಲ್ಲಿ ಗುಂಡು ಹಾರಿ, ವಿದೇಶಾಂಗ ನೀತಿ ಸಭೆಯಲ್ಲಿ ಎಲ್ಲಕ್ಕಿಂತ ಬಿಸಿಯಾದ ವಿಷಯವಾಯಿತು. ಕಮ್ಯುನಿಸ್ಟ್ ಪಕ್ಷದೊಳಗೂ ಅದರಿಂದ ಒಡಕು ಮೊಳೆಯಿತು.

ಹಸಿದವನ ಅನ್ನ, ರೋಗಿಯ ಔಷಧ, ಹೊರದೇಶದ ಸಾಲ ಇವು ಮೂರು ಬೇರೆ ಬೇರೆ ಲೆಕ್ಕಗಳಲ್ಲ, ಒಂದೇ ಲೆಕ್ಕದ ಪುಸ್ತಕದ ಮೂರು ಪುಟಗಳು ಎಂಬುದು ನಾಗಿರೆಡ್ಡಿಯವರ ವಾದದ ತಿರುಳು. ಸಾಲ ಕೊಟ್ಟವನು ಬಡ್ಡಿಯನ್ನಷ್ಟೇ ಕೇಳುವುದಿಲ್ಲ, ಮನೆಯ ಆಡಳಿತದಲ್ಲೂ ಮಾತು ಹೇಳುತ್ತಾನೆ. ಸಾಹುಕಾರನ ಹತ್ತಿರ ಹೊಲದ ಪತ್ರ ಇಟ್ಟ ರೈತನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1966ರ ಜೂನ್ ತಿಂಗಳಲ್ಲಿ ಸಾಲ ಕೊಡುವವರ ಒತ್ತಾಯದ ನಡುವೆ ರೂಪಾಯಿಯ ಬೆಲೆ ಇಳಿದು, 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರು 7 ರೂಪಾಯಿ 50 ಪೈಸೆಯಾದಾಗ, ಈ ವಾದವನ್ನು ಅವರ ಪಕ್ಷದವರಲ್ಲದವರೂ ಆಲೋಚಿಸುವಂತಾಯಿತು.

1962ರಲ್ಲಿ ಅವರು ದೆಹಲಿಯನ್ನು ಬಿಟ್ಟು ರಾಜ್ಯದ ವಿಧಾನಸಭೆಗೆ ಬಂದರು. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಎರಡಾದಾಗ ಮಾರ್ಕ್ಸ್‌ವಾದಿ ಪಕ್ಷದ ಕಡೆ ನಿಂತರು. 1967ರಲ್ಲಿ ಅನಂತಪುರ ಕ್ಷೇತ್ರ ಅವರನ್ನು ಮತ್ತೆ ವಿಧಾನಸಭೆಗೆ ಕಳಿಸಿತು. ಅದೇ ವರ್ಷ ಹಿಂದೂಪುರ ಕ್ಷೇತ್ರದ ಮತದಾರರು ಸಂಜೀವ ರೆಡ್ಡಿಯವರನ್ನು ಲೋಕಸಭೆಗೆ ಕಳಿಸಿದರು. ಅವರು ಅಲ್ಲಿ ಸಭಾಧ್ಯಕ್ಷರಾದರು, ಆ ಪೀಠವೇರಿದ ಮೇಲೆ ಪಕ್ಷದ ಸದಸ್ಯತ್ವವನ್ನೂ ಬಿಟ್ಟರು. ಒಂದೇ ಬರಗಾಲದ ಜಿಲ್ಲೆ ಒಬ್ಬರನ್ನು ಎಲ್ಲರ ಮಾತನ್ನೂ ಆಲಿಸುವ ಪೀಠದಲ್ಲಿ ಕೂಡಿಸಿತು, ಇನ್ನೊಬ್ಬರನ್ನು ಸರ್ಕಾರವನ್ನು ಪ್ರಶ್ನಿಸುವ ಬೆಂಚಿನಲ್ಲಿ ಕೂಡಿಸಿತು.

1969ನೆಯ ವರ್ಷ ಇಬ್ಬರೂ ತಮ್ಮ ಸ್ಥಾನ ಬಿಟ್ಟರು. ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ಸಭಾಧ್ಯಕ್ಷ ಪೀಠವನ್ನು ತೊರೆದು, ಸೋತು, ಅನಂತಪುರಕ್ಕೆ ಬಂದು ಬೇಸಾಯಕ್ಕೆ ತೊಡಗಿದರು. ನಾಗಿರೆಡ್ಡಿಯವರು ಅದಕ್ಕೂ ಮೊದಲೇ, ಮಾರ್ಚ್ ತಿಂಗಳಲ್ಲಿ, ವಿಧಾನಸಭೆಗೆ ರಾಜೀನಾಮೆ ಕೊಟ್ಟಿದ್ದರು. ಹದಿನೇಳು ವರ್ಷಗಳ ಕಾಲದಲ್ಲಿ ಮದರಾಸು, ದೆಹಲಿ, ಹೈದರಾಬಾದು ಈ ಮೂರು ಕಡೆಯ ಸಭೆಗಳನ್ನು ಕಂಡ ಮೇಲೆ, ಈ ಸಭೆಗಳಲ್ಲಿ ಎಷ್ಟು ಮಾತಾಡಿದರೂ ಉಳುವವನಿಗೆ ಭೂಮಿ ಬರುವುದಿಲ್ಲವೆಂಬ ತೀರ್ಮಾನಕ್ಕೆ ಅವರು ಬಂದಿದ್ದರು. 1968ರಲ್ಲೇ ಮಾರ್ಕ್ಸ್‌ವಾದಿ ಪಕ್ಷದಿಂದ ಹೊರಬಂದು, ದೇವುಲಪಲ್ಲಿ ವೆಂಕಟೇಶ್ವರರಾವ್ ಮೊದಲಾದವರೊಡನೆ ಕ್ರಾಂತಿಕಾರಿಗಳ ಬೇರೆ ಸಂಘಟನೆ ಕಟ್ಟಿದ್ದರು.

ಇಲ್ಲಿ ನಾವು ಎರಡು ಮಾತು ಸ್ಪಷ್ಟವಾಗಿ ಹೇಳಬೇಕು. ಶಸ್ತ್ರದ ದಾರಿಯನ್ನು ನಾವು ಒಪ್ಪುವವರಲ್ಲ. ಕೊಂದು ಕಟ್ಟಿದ ಸಮಾನತೆ ನಿಲ್ಲುವುದಿಲ್ಲವೆಂಬುದು ನಮ್ಮ ನಂಬಿಕೆ. ಆದರೆ ನಾಗಿರೆಡ್ಡಿಯವರಿಗೆ ನ್ಯಾಯವಾಗಿ ಇದನ್ನೂ ಹೇಳಬೇಕು: ಬಂಗಾಳದ ಚಾರು ಮಜುಮ್ದಾರರು ಗುಟ್ಟಾಗಿ ಭೂಮಾಲೀಕರನ್ನು ಒಬ್ಬೊಬ್ಬರಾಗಿ ಕೊಲ್ಲುವ ಮಾರ್ಗವನ್ನು ಮುಂದಿಟ್ಟಾಗ ಇವರು ಒಪ್ಪಲಿಲ್ಲ. ಜನ ತಮ್ಮ ಹಕ್ಕಿಗಾಗಿ ತಾವೇ ಏಳದೆ ನಾಲ್ಕು ಜನ ಕತ್ತಿ ಹಿಡಿದರೆ ಪ್ರಯೋಜನವಿಲ್ಲವೆಂದು ವಾದಿಸಿದರು. ಆ ಕಾರಣಕ್ಕೆ ಆ ಗುಂಪಿನವರು ಇವರನ್ನು ದೂರವಿಟ್ಟರು.

ಇನ್ನೊಂದು ಮಾತು ನಮ್ಮ ಸೀಮೆಯ ಲಾಭ ನಷ್ಟದ್ದು. ಅವರು ಸಭೆಯನ್ನು ಬಿಟ್ಟು ಬಂದ ದಿನ ಸರ್ಕಾರಕ್ಕೆ ತೊಂದರೆಯೇನೂ ಆಗಲಿಲ್ಲ. ಪ್ರಶ್ನೆ ಕೇಳುವವರೊಬ್ಬರು ಕಡಿಮೆಯಾದರು, ಅಷ್ಟೆ. ಕಳೆದುಕೊಂಡವರು ಅವರನ್ನು ಕಳಿಸಿದ್ದ ಜನ. ನೂರು ರೂಪಾಯಿಯ ಕಡಿತದ ಸೂಚನೆ ಸಣ್ಣದೇ ಇರಬಹುದು. ಅದನ್ನು ಕೊಡುವವರೂ ಇಲ್ಲವಾದರೆ ಬಡವನಿಗೆ ಉಳಿಯುವುದು ಮೌನವೊಂದೇ. ಅವರಂತಹ ತಿಳಿದವರು, ನಿಸ್ಪೃಹರು ಆ ಬೆಂಚಿನಲ್ಲಿ ಇನ್ನಷ್ಟು ವರ್ಷ ಇರಬೇಕಾಗಿತ್ತೆಂದು ನಮಗೆ ಅನಿಸುತ್ತದೆ. ಆದರೆ ಅವರಂತಹವರಿಗೇ ಆ ಬೆಂಚಿನ ಮೇಲೆ ನಂಬಿಕೆ ಹೋಗುವಂತೆ ಆದುದೇಕೆ ಎಂಬ ಪ್ರಶ್ನೆಗೆ ಆಳಿದವರೇ ಉತ್ತರ ಹೇಳಬೇಕು.

1969ರ ಡಿಸೆಂಬರಿನಲ್ಲಿ ಅವರನ್ನು ಬಂಧಿಸಿ, ಹೈದರಾಬಾದು ಒಳಸಂಚಿನ ಮೊಕದ್ದಮೆ ಹೂಡಿದರು. ಜೈಲಿನಲ್ಲಿ ಕುಳಿತು ನ್ಯಾಯಾಲಯಕ್ಕೆ ಹೇಳಿಕೆಯಾಗಿ ಅವರು ಬರೆದದ್ದು ದೊಡ್ಡ ಗ್ರಂಥವೇ ಆಯಿತು. ಅವರ ತರುವಾಯ 1978ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ತೆಲುಗಿನಲ್ಲಿ ಅದರ ಹೆಸರು ‘ತಾಕಟ್ಟುಲೋ ಭಾರತದೇಶಂ’. ತಾಕಟ್ಟು ಎಂದರೆ ಅಡವು. ನಮ್ಮ ಗಡಿಯ ಓದುಗರಿಗೆ ಆ ಪದದ ಭಾರ ಚೆನ್ನಾಗಿ ಗೊತ್ತು. ಬೇಸಾಯ, ಕೈಗಾರಿಕೆ, ವಿದೇಶೀ ಬಂಡವಾಳ, ಸಾಲ ಇವುಗಳ ಅಂಕಿ ಅಂಶಗಳನ್ನು ಸರ್ಕಾರದ ವರದಿಗಳಿಂದಲೇ ತೆಗೆದು ಜೋಡಿಸಿದ ಆ ಪುಸ್ತಕವನ್ನು ಅವರ ಮತವನ್ನು ಒಪ್ಪದವರೂ ಓದುತ್ತಾರೆ.

1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅವರು ಭೂಗತರಾದರು. ತಲೆಮರೆಸಿಕೊಂಡ ಆ ಬಾಳಿನಲ್ಲೇ ಕಾಯಿಲೆ ಬಿದ್ದರು. ಹೈದರಾಬಾದಿನ ಉಸ್ಮಾನಿಯಾ ಸರ್ಕಾರಿ ಆಸ್ಪತ್ರೆಗೆ ಬೇರೊಂದು ಹೆಸರಿನಲ್ಲಿ ಸೇರಿ, 1976ರ ಜುಲೈ 28ರಂದು ಅಲ್ಲಿಯೇ ತೀರಿಕೊಂಡರು. ವಯಸ್ಸು ಐವತ್ತೊಂಬತ್ತು. ಸಿರಿವಂತರ ಮನೆಯಲ್ಲಿ ಹುಟ್ಟಿದವರು, ಮದರಾಸಿನಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು, ಬಡವರು ಹೋಗುವ ಆಸ್ಪತ್ರೆಯಲ್ಲಿ, ತಮ್ಮದಲ್ಲದ ಹೆಸರಿನಲ್ಲಿ ಕಣ್ಣು ಮುಚ್ಚಿದರು. ಮರುವರ್ಷ ಅವರ ಬಾವನವರು ದೇಶದ ರಾಷ್ಟ್ರಪತಿಗಳಾದರು.

2022ರಲ್ಲಿ ಜಿಲ್ಲೆಗಳು ಮತ್ತೆ ಒಡೆದು, ಹಿಂದೂಪುರ ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಕಲ್ಯಾಣದುರ್ಗ ರಾಯದುರ್ಗಗಳು ಅನಂತಪುರದಲ್ಲಿಯೇ ಇವೆ. ಗಡಿ ಇನ್ನೆಷ್ಟು ಸಲ ಸರಿದರೂ ನೀರು, ಆಸ್ಪತ್ರೆ, ಸಾಲ ಇವುಗಳ ಪ್ರಶ್ನೆ ಸರಿಯುವುದಿಲ್ಲ. ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ಸಭೆಯಲ್ಲಿ ನಮ್ಮ ಊರಿನ ಪ್ರಶ್ನೆಯನ್ನು ಎಷ್ಟು ಸಲ ಕೇಳಿದಿರಿ ಎಂದು ಅವರನ್ನು ವಿಚಾರಿಸುವ ರೂಢಿಯನ್ನು ನಮ್ಮ ಬಂಧುಗಳು ಇಟ್ಟುಕೊಳ್ಳಲಿ. ನಾಗಿರೆಡ್ಡಿಯವರ ನೆನಪಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ ಎಂದು ಭಾವಿಸುತ್ತೇವೆ.