ಮಂಗಳೂರಿನ ಹುಡುಗರೂ ಹರ್ಮನ್ ಮೋಗ್ಲಿಂಗರೂ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಗುರುಗಳು ಫೋನ್ ಮಾಡಿದಾಗ ನನಗೆ ನೆನಪಾದದ್ದು ಎಂಟನೇ ತರಗತಿಯ ಜುಲೈ 1. ಪತ್ರಿಕಾ ದಿನವೆಂದು ಕನ್ನಡ ಪಂಡಿತರು ಅಂದು ನಮ್ಮಿಂದ ಗೋಡೆ ಪತ್ರಿಕೆ ಮಾಡಿಸಿದ್ದರು. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. ಚಾರ್ಟ್ ಹಾಳೆಯಲ್ಲಿ ಹರ್ಮನ್ ಮೋಗ್ಲಿಂಗ್ ಎಂಬ ಹೆಸರನ್ನು ದೊಡ್ಡದಾಗಿ ಬರೆದೆ. ಆಗ ನನಗೆ ಗೊತ್ತಿದ್ದದ್ದು ಆ ಹೆಸರು ಮಾತ್ರ. ಅವರ ಬದುಕಿನ ಕಥೆಯನ್ನು ಓದಿದ್ದು ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಮೋಗ್ಲಿಂಗರು ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದಿಳಿದಾಗ ಅವರಿಗೆ ಇಪ್ಪತ್ತೈದು ವರ್ಷ. ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಅವರಿಗಿಂತ ಎರಡು ವರ್ಷ ಮೊದಲೇ ಬಂದಿದ್ದರು. ನಮ್ಮ ಊರಿನ ಹಿರಿಯರಿಗೆ ಬಾಸೆಲ್ ಮಿಷನ್ ಎಂದರೆ ಮನೆಯ ಮೇಲಿನ ಹಂಚು. ಆದರೆ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅವರು ಶಾಲೆ ತೆರೆದಿದ್ದರು.

ಈ ಶಾಲೆಗಳ ಉದ್ದೇಶದಲ್ಲಿ ಮುಚ್ಚುಮರೆ ಇರಲಿಲ್ಲ. ಎಳೆಯರಿಗೆ ಅಕ್ಷರ ಕಲಿಸಬೇಕು, ಅದರ ಜೊತೆಗೇ ಕ್ರಿಸ್ತನ ವಿಚಾರ ತಿಳಿಸಬೇಕು, ಮನಸ್ಸಾದವರನ್ನು ಉಪದೇಶಿಗಳಾಗಿ ತಯಾರು ಮಾಡಬೇಕು. ಈ ಕೆಲಸದಲ್ಲಿ ಮೋಗ್ಲಿಂಗರು ಬಂಗಲೆಯಲ್ಲಿ ಕುಳಿತು ಆಜ್ಞೆ ಮಾಡುವ ದೊರೆಯಾಗಲಿಲ್ಲ. ಹುಡುಗರ ಜೊತೆಯಲ್ಲೇ ವಾಸವಿದ್ದು, ಅವರಂತೆಯೇ ಸರಳವಾಗಿ ಬದುಕಿ, ಅವರಿಗೆ ಪಾಠ ಹೇಳಿದರು. ಹುಡುಗರ ಮನಸ್ಸನ್ನು ಮುಟ್ಟಬೇಕಾದರೆ ಅವರ ಮನೆಯ ಮಾತು, ಹಾಡು, ಗಾದೆ ಎಲ್ಲವೂ ತನಗೆ ತಿಳಿದಿರಬೇಕು ಎಂದು ಕನ್ನಡವನ್ನು ಪಟ್ಟು ಹಿಡಿದು ಕಲಿತರು.

ಆ ಕಲಿಕೆಯ ಫಲವೇ 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ. ಊರಿನ ಸುದ್ದಿ, ಸರ್ಕಾರದ ಕಾನೂನು, ದೂರದೇಶದ ವರ್ತಮಾನ, ಕಥೆ, ಗಾದೆ, ಹಾಡು ಅದರಲ್ಲಿದ್ದವು. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಕೈಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚು ಹಾಕುವುದರಿಂದ ಕನ್ನಡದ ಒತ್ತಕ್ಷರಗಳಿಗೆ ಮೊಳೆ ಎರಕ ಹೊಯ್ಯುವ ಕಷ್ಟ ಇರಲಿಲ್ಲ. ಕಂಪ್ಯೂಟರ್ ಪರದೆಯಲ್ಲಿ ಒತ್ತಕ್ಷರ ಒಡೆದು ಬೇರೆ ಬೇರೆಯಾಗಿ ಕಂಡು ಎಷ್ಟೋ ರಾತ್ರಿ ತಲೆ ಕೆಡಿಸಿಕೊಂಡ ನನಗೆ ಅವರ ಜಾಣತನ ಚೆನ್ನಾಗಿ ಅರ್ಥವಾಗುತ್ತದೆ. ಮರುವರ್ಷ ಪತ್ರಿಕೆಯ ಮುದ್ರಣ ಬಳ್ಳಾರಿಗೆ ಹೋಯಿತು, ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು.

ಅದೇ 1844ರ ಜನವರಿಯಲ್ಲಿ ಮಂಗಳೂರು ಕಲಕಿಹೋಯಿತು. ಇಂಗ್ಲಿಷ್ ಕಲಿಯಲು ಮಿಷನ್ ಶಾಲೆಗೆ ಬರುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನೂ ಅವನ ಇಬ್ಬರು ಗೆಳೆಯರೂ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ಗಲಭೆಯೆದ್ದಿತು. ಆನಂದರಾವ್ ಮುಂದೆ ಮೋಗ್ಲಿಂಗರ ಜೊತೆ ಯುರೋಪಿಗೆ ಹೋಗಿ, ಬಾಸೆಲ್‌ನಲ್ಲಿ ಓದಿ, ಪಾದ್ರಿಯಾಗಿ ಮರಳಿ ಬಂದರು.

ಈ ಭಾಗ ಓದುವಾಗ ನನ್ನ ಮನಸ್ಸು ಎರಡು ಕಡೆಗೂ ಎಳೆಯಿತು. ಬೆಳೆದ ಹುಡುಗನೊಬ್ಬ ತಾನು ನಂಬಿದ ದಾರಿ ಹಿಡಿದ. ಅದು ಅವನ ಹಕ್ಕು. ಆದರೆ ನಾಲ್ಕಕ್ಷರ ಕಲಿತು ಸರ್ಕಾರಿ ಕೆಲಸ ಹಿಡಿಯಲಿ ಎಂದು ಕಳುಹಿಸಿದ ಮನೆಯವರಿಗೆ ಮಗ ಕೈತಪ್ಪಿದನಲ್ಲ? ಆ ಕಾಲದಲ್ಲಿ ಜಾತಿ ಬಿಟ್ಟವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ನಾನು ಕಾಲೇಜಿಗೆಂದು ಊರು ಬಿಟ್ಟ ದಿನ ನನ್ನ ಅಜ್ಜಿ ಮಾತಾಡದೆ ಒಳಗೆ ಹೋದದ್ದು ನೆನಪಾಯಿತು. ನಾನು ಧರ್ಮ ಬಿಡಲಿಲ್ಲ, ಊರು ಮಾತ್ರ ಬಿಟ್ಟೆ. ವರ್ಷಕ್ಕೆ ಎರಡು ಬಾರಿ ಬಂದು ಹೋಗುವ ಮಗನಾಗಿದ್ದೇನೆ. ಶಾಲೆಗೆ ಕಳುಹಿಸಿದ ಮಗು ಹಾಗೆಯೇ ಮರಳಿ ಬರುವುದಿಲ್ಲ ಎಂಬ ಭಯ ಅಂದಿನ ಮಂಗಳೂರಿನದು ಮಾತ್ರವಲ್ಲ, ನಮ್ಮೂರಿನದೂ ಹೌದು.

ಬದಲಾದದ್ದು ಹುಡುಗರು ಮಾತ್ರವಲ್ಲ, ಮೋಗ್ಲಿಂಗರೂ ಬದಲಾದರು. 1848ರಿಂದ ಅವರು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಮಾಡಿಸತೊಡಗಿದರು. ಅದಕ್ಕೆ ಹಣ ಕೊಟ್ಟವರು ನಿವೃತ್ತ ಇಂಗ್ಲಿಷ್ ಅಧಿಕಾರಿ ಕಾಸಮೇಜರ್. ಓಲೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಪುಸ್ತಕಗಳಾದವು. ಹರಿಯನ್ನೂ ಶಿವನನ್ನೂ ಸ್ತುತಿಸುವ ಈ ಕೃತಿಗಳನ್ನು ಅಚ್ಚು ಹಾಕಿಸಿದವರು ಕ್ರಿಸ್ತನ ಮತ ಸಾರಲು ಬಂದ ಪಾದ್ರಿ! ಅವರು ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಆದರೂ ಕನ್ನಡ ಕಾವ್ಯದ ಬೆಲೆ ಅವರಿಗೆ ತಿಳಿದಿತ್ತು. ಮುಂದೆ ದಾಸರ ಪದಗಳನ್ನು ಜರ್ಮನ್ ಭಾಷೆಗೂ ತಂದರು.

1853ರಲ್ಲಿ ಕೊಡಗಿಗೆ ಹೋಗಿ ಅಲ್ಲಿ ಕೆಲಸ ಮಾಡಿದರು. ಆ ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಸ್ವದೇಶಕ್ಕೆ ಮರಳಿದವರು 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಮೋಗ್ಲಿಂಗರ ಮಾತಿಗೆ ಒಲಿದು ಅವರ ಮತ ಸೇರಿದ ಯುವಕರು ಕೆಲವರೇ. ಆದರೆ ಆ ಹುಡುಗರಿಗಾಗಿ ಅವರು ಕಲಿತ ಕನ್ನಡದ ಪ್ರಯೋಜನ ಎಲ್ಲ ಮತದವರಿಗೂ ದಕ್ಕಿತು. ನನ್ನ ಗುರುಗಳನ್ನೂ ನಾನು ಹೀಗೆಯೇ ನೆನೆಯುತ್ತೇನೆ. ಅವರು ಬಯಸಿದಂತೆ ನಾನು ಕನ್ನಡ ಎಂ.ಎ. ಮಾಡಲಿಲ್ಲ. ಆದರೂ ಅವರು ತಿದ್ದಿದ ಅಕ್ಷರದಲ್ಲೇ ಈ ಲೇಖನ ಬರೆದಿದ್ದೇನೆ. ನಮ್ಮ ಶಾಲೆಯಲ್ಲಿ ಪ್ರತಿ ಜುಲೈ 1ಕ್ಕೆ ಗೋಡೆ ಪತ್ರಿಕೆ ತಪ್ಪದೆ ಬರಲಿ. ಊರು ಬಿಟ್ಟ ನಾವು ಅದನ್ನು ಓದಲಿಕ್ಕಾದರೂ ಆಗಾಗ ಬರುವಂತಾಗಲಿ.