ಬಾಶೋವಿನ ಉತ್ತರ ಯಾತ್ರೆ

ಜಪಾನಿನ ಕವಿ ಮಾತ್ಸುಓ ಬಾಶೋ ಹುಟ್ಟಿದ್ದು 1644ರಲ್ಲಿ. ಬಾಶೋ ಎಂದರೆ ಬಾಳೆ. ಇಂದಿನ ಟೋಕಿಯೋ ಆಗಿರುವ ಎಡೋ ನಗರದಲ್ಲಿ, ಅವನ ಗುಡಿಸಲೆದುರು ಬೆಳೆದ ಗಿಡವೇ ಆ ಹೆಸರನ್ನು ತಂದಿತು. ಕೀರ್ತಿಯಿದ್ದರೂ ಮನಸ್ಸು ಅಲ್ಲಿ ನೆಲೆನಿಲ್ಲಲಿಲ್ಲ. 1689ರ ವಸಂತದಲ್ಲಿ ಮನೆಯನ್ನು ಪರರಿಗೊಪ್ಪಿಸಿ, ಮರಳುವ ಭರವಸೆಯಿಲ್ಲದೆ, ಶಿಷ್ಯ ಸೋರಾನೊಡನೆ ದುರ್ಗಮವಾದ ಉತ್ತರ ಪ್ರಾಂತಗಳತ್ತ ಹೊರಟನು. ಒಂದು ರಾತ್ರಿ ಸೋರುವ ಮಾಡಿನಡಿ ಹಳೆಯ ಬೇನೆ ಮರುಕಳಿಸಿ ಮೂರ್ಛೆಹೋಗುವಂತಾಯಿತು; ಬೆಳಗಾಗುತ್ತಲೇ ಮುಂದೆ ಸಾಗಿದನು. ಚೆಲುವಿಗೆ ಹೆಸರಾದ ಮಾತ್ಸುಶಿಮಾ ದ್ವೀಪಗಳನ್ನು ಕುರಿತು ಅವನ ಪ್ರವಾಸಗ್ರಂಥದಲ್ಲಿ ಸೋರಾನ ಪದ್ಯವಿದೆ, ಗುರುವಿನದಿಲ್ಲ. ಆ ಮೌನಕ್ಕಿಂತ ಹೆಚ್ಚಿನ ಸ್ತುತಿ ಯಾವುದು? ಹಿರೈಜುಮಿಯಲ್ಲಿ ಫುಜಿವಾರಾ ಮನೆತನದ ಮೂರು ತಲೆಮಾರುಗಳ ವೈಭವವೆಲ್ಲ ಹುಲ್ಲಾಗಿದ್ದುದನ್ನು ಕಂಡು ಕಣ್ಣೀರಿಟ್ಟನು. ಸುಮಾರು 2,400 ಕಿಲೋಮೀಟರ್ ಅಲೆದು ಓಗಾಕಿ ತಲುಪಿದಾಗ, ಸತ್ತವನೇ ಮರಳಿದಂತೆ ಶಿಷ್ಯರು ಹರ್ಷಿಸಿದರು. ದಣಿವಾರುವ ಮುನ್ನವೇ ಅವನು ಇಸೆ ಕ್ಷೇತ್ರಕ್ಕೆ ದೋಣಿಯೇರಿದನು.